ಮ್ಯಾಚ್ ಟಿಕೆಟ್ ಬೇರೆಯವರ ಹೆಸರಿಗೆ: ಕಾಸರಗೋಡಿನಿಂದ ಹೊರಡುವವರಿಗೆ ಯಾವ ದಾರಿ ಸುಲಭ?

ಟಿಕೆಟ್ ಸಿಕ್ಕಿದೆ, ಹೋಗಲು ಆಗುವುದಿಲ್ಲ. ರಜೆ ಸಿಗಲಿಲ್ಲ, ಅಥವಾ ಅದೇ ದಿನ ಹತ್ತಿರದವರ ಮದುವೆ ಬಂತು. ಏಪ್ರಿಲ್-ಮೇ ಎಂದರೆ ಐಪಿಎಲ್ ಕಾಲ. ನಮ್ಮ ಕಡೆ ಮದುವೆ, ಒಕ್ಕಲು, ಕೋಲಗಳ ಕಾಲವೂ ಅದೇ. ಹಾಗಾಗಿ ಈ ತಾಪತ್ರಯ ವರ್ಷಕ್ಕೊಮ್ಮೆ ಯಾರಿಗಾದರೂ ಬಂದೇ ಬರುತ್ತದೆ. ಟಿಕೆಟನ್ನು ಯಾರಿಗೆ ಕೊಡುವುದು, ಹೇಗೆ ಕೊಡುವುದು?

ಬೆಂಗಳೂರಿನಲ್ಲೇ ಇರುವವನಿಗೆ ಇದು ದೊಡ್ಡ ವಿಷಯವಲ್ಲ. ಸಂಜೆ ಮೆಟ್ರೋ ಸ್ಟೇಷನ್ ಹತ್ತಿರ ಸಿಕ್ಕಿ ಕೊಟ್ಟುಬಿಡುತ್ತಾನೆ. ನಾವು ಚಿನ್ನಸ್ವಾಮಿ ಸ್ಟೇಡಿಯಂನಿಂದ ಸುಮಾರು 400 ಕಿಲೋಮೀಟರ್ ದೂರ ಇದ್ದೇವೆ. ಕೊಚ್ಚಿಯ ಕಲೂರು ಸ್ಟೇಡಿಯಂ ಕೂಡ ಹೆಚ್ಚುಕಡಿಮೆ ಅಷ್ಟೇ ದೂರ. ತಿರುವನಂತಪುರದ ಕಾರ್ಯವಟ್ಟಂ ಸ್ಟೇಡಿಯಂ ಅಂತೂ ಕೇರಳದ ಇನ್ನೊಂದು ತುದಿ. ಅಂದರೆ ನಮ್ಮ ಕೈಯಲ್ಲಿ ಇರುವುದು ಒಂದು ಟಿಕೆಟ್ ಅಲ್ಲ, ಎರಡು. ಒಂದು ಮ್ಯಾಚಿನದು, ಇನ್ನೊಂದು ರೈಲಿನದು. ಹೆಚ್ಚಿನವರು ಮೊದಲನೆಯದರ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳುತ್ತಾರೆ. ನಿಜವಾದ ಗಂಟು ಇರುವುದು ಎರಡನೆಯದರಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಗೇಟಿನಲ್ಲಿ ನೋಡುವುದು ಏನನ್ನು?

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಟಿಕೆಟ್ ಮೇಲೆ ಹೆಸರು ಉಂಟೋ ಇಲ್ಲವೋ ಎನ್ನುವುದು ಅಷ್ಟು ಮುಖ್ಯವಲ್ಲ. ಗೇಟಿನಲ್ಲಿ ನಿಂತವನು ಏನನ್ನು ನೋಡಿ ಒಳಗೆ ಬಿಡುತ್ತಾನೆ ಎನ್ನುವುದು ಮುಖ್ಯ. ಕೆಲವು ಕಡೆ ಕಾಗದ ಇದ್ದರೆ ಸಾಕು. ಕೆಲವು ಕಡೆ ಕ್ಯೂಆರ್ ಕೋಡ್ ಸ್ಕ್ಯಾನ್ ಆದರೆ ಸಾಕು, ಫೋನ್ ಯಾರದ್ದಾದರೂ ಆಗಬಹುದು. ಇನ್ನು ಕೆಲವು ಕಡೆ ಟಿಕೆಟ್ ಕೊಂಡವನ ಆ್ಯಪ್ ಲಾಗಿನ್ನೇ ಬೇಕು. ಅಪರೂಪಕ್ಕೆ ಹೆಸರು ಮತ್ತು ಗುರುತಿನ ಚೀಟಿ ಎರಡನ್ನೂ ತಾಳೆ ನೋಡುತ್ತಾರೆ.

ಇದು ಎಲ್ಲಿ ಬರೆದಿರುತ್ತದೆ? ಬುಕಿಂಗ್ ಆದ ಮೇಲೆ ಬರುವ ಮೇಲ್‌ನ ಕೊನೆಯಲ್ಲಿ, ಕಾಗದದ ಟಿಕೆಟ್ ಆದರೆ ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ‘ವರ್ಗಾಯಿಸುವಂತಿಲ್ಲ’, ‘ಮರುಮಾರಾಟ ನಿಷೇಧ’, ‘ಫೋಟೋ ಇರುವ ಗುರುತಿನ ಚೀಟಿ ಕಡ್ಡಾಯ’ ಎಂಬ ಮೂರು ಮಾತುಗಳನ್ನು ಅಲ್ಲಿ ಹುಡುಕಿ. ಮೂರೂ ಬೇರೆ ಬೇರೆ. ಮರುಮಾರಾಟ ಮಾಡಬೇಡಿ ಎಂದರೆ ತಮ್ಮನಿಗೆ ಸುಮ್ನೆ ಕೊಡಬೇಡಿ ಎಂದು ಅರ್ಥವಲ್ಲ. ವರ್ಗಾಯಿಸುವಂತಿಲ್ಲ ಎಂದಿದ್ದರೆ ಮಾತ್ರ ತಮ್ಮನಿಗೂ ಇಲ್ಲ.

ಆ್ಯಪ್‌ನಲ್ಲೇ ಕಳಿಸುವುದು, ಸ್ಕ್ರೀನ್‌ಶಾಟ್ ಕಳಿಸುವುದು

ನನ್ನ ಆಯ್ಕೆ ಕೇಳಿದರೆ, ಟಿಕೆಟ್ ಮಾರಿದ ಆ್ಯಪ್‌ನಲ್ಲೇ ‘ಟ್ರಾನ್ಸ್‌ಫರ್’ ಬಟನ್ ಇದ್ದರೆ ಬೇರೆ ಯೋಚನೆ ಬೇಡ. ಹೋಗುವವರ ಮೊಬೈಲ್ ನಂಬರ್ ಹಾಕಿದರೆ ಟಿಕೆಟ್ ಅವರ ಅಕೌಂಟಿಗೆ ಹೋಗುತ್ತದೆ, ನಿಮ್ಮ ಹತ್ತಿರ ಇದ್ದ ಕ್ಯೂಆರ್ ಸತ್ತುಹೋಗುತ್ತದೆ. ಎರಡು ಕಡೆ ಒಂದೇ ಟಿಕೆಟ್ ಇರುವ ಗೊಂದಲವೇ ಇಲ್ಲ. ಆದರೆ ಎರಡು ವಿಷಯ ಗಮನಿಸಿ. ಹೋಗುವವರ ಫೋನಿನಲ್ಲಿ ಅದೇ ಆ್ಯಪ್ ಇರಬೇಕು, ಅದೇ ನಂಬರಿನಲ್ಲಿ ಲಾಗಿನ್ ಆಗಿರಬೇಕು. ಮತ್ತೆ, ಒಮ್ಮೆ ಕಳಿಸಿದ್ದನ್ನು ವಾಪಸ್ ತರಿಸಿಕೊಳ್ಳುವುದು ಎಷ್ಟೋ ಕಡೆ ಆಗುವುದಿಲ್ಲ. ನಮ್ಮಲ್ಲಿ ಗಲ್ಫಿನಿಂದ ರಜೆಗೆ ಬಂದವರು ಜಾಸ್ತಿ. ಅವರ ಆ್ಯಪ್ ಅಲ್ಲಿನ ನಂಬರಿನಲ್ಲೇ ಇರುತ್ತದೆ, ಒಟಿಪಿ ಎಲ್ಲಿಗೋ ಹೋಗುತ್ತದೆ. ಅಂಥವರಿಗೆ ಕಳಿಸುವ ಮೊದಲು ಯಾವ ನಂಬರ್ ಎಂದು ಬಾಯಿಬಿಟ್ಟು ಕೇಳಿ.

ಆ್ಯಪ್ ಬದಲಾಗಿರುವುದೂ ಉಂಟು. ಪೇಟಿಎಂನ ಟಿಕೆಟ್ ವ್ಯವಹಾರವನ್ನು ಜೊಮ್ಯಾಟೊ 2024ರಲ್ಲಿ ಕೊಂಡು ‘ಡಿಸ್ಟ್ರಿಕ್ಟ್’ ಎಂಬ ಹೊಸ ಆ್ಯಪ್ ಮಾಡಿತು. ಹಳೆಯ ಮ್ಯಾಚಿನ ಅನುಭವ ನೆಚ್ಚಿಕೊಂಡು ‘ಅಲ್ಲಿ ಆಗುತ್ತಿತ್ತು’ ಎನ್ನಬೇಡಿ. ಬಟನ್ ಒಂದೊಂದು ಪಂದ್ಯಕ್ಕೆ ಒಂದೊಂದು ರೀತಿ ಇರುತ್ತದೆ. ಅದನ್ನು ಇಡುವುದೋ ಬಿಡುವುದೋ ಎಂದು ತೀರ್ಮಾನಿಸುವುದು ಪಂದ್ಯ ನಡೆಸುವವರು, ಆ್ಯಪ್ ಅಲ್ಲ. ಆರ್‌ಸಿಬಿ ತವರಿನ ಟಿಕೆಟನ್ನು ತನ್ನದೇ ವೆಬ್‌ಸೈಟಿನಲ್ಲಿ ಮಾರುತ್ತದೆ, ಬೇರೆ ತಂಡಗಳು ಬೇರೆ ಕಡೆ. ಎಲ್ಲಿ ಕೊಂಡಿರೋ ಅಲ್ಲಿನ ನಿಯಮವೇ ನಿಮಗೆ ಲಾಗು.

ಬಟನ್ ಇಲ್ಲದಿದ್ದರೆ ಜನ ಮಾಡುವುದು ಸ್ಕ್ರೀನ್‌ಶಾಟ್. ಇದು ಕೆಲಸ ಮಾಡುತ್ತದೆ, ಮಾಡದೆಯೂ ಇರುತ್ತದೆ. ಕ್ಯೂಆರ್ ಸ್ಥಿರವಾಗಿದ್ದರೆ, ಅಂದರೆ ಇವತ್ತು ನೋಡಿದಾಗಲೂ ನಾಳೆ ನೋಡಿದಾಗಲೂ ಒಂದೇ ಆಗಿದ್ದರೆ, ಚಿತ್ರ ತೋರಿಸಿದರೂ ಸ್ಕ್ಯಾನ್ ಆಗುತ್ತದೆ. ಸ್ವಲ್ಪ ಸ್ವಲ್ಪ ಹೊತ್ತಿಗೆ ಬದಲಾಗುವ ಕ್ಯೂಆರ್ ಆದರೆ ಆಗುವುದಿಲ್ಲ. ಕೆಲವು ಆ್ಯಪ್‌ಗಳು ಪಂದ್ಯ ಹತ್ತಿರ ಬರುವವರೆಗೆ ಕ್ಯೂಆರ್ ತೋರಿಸುವುದೇ ಇಲ್ಲ. ಪರೀಕ್ಷೆ ಸುಲಭ: ಟಿಕೆಟ್ ತೆರೆದು ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ, ಆ್ಯಪ್ ಮುಚ್ಚಿ, ಐದು ನಿಮಿಷ ಬಿಟ್ಟು ತೆರೆದು ಇನ್ನೊಂದು ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ಮೂಲೆಯ ಚೌಕಗಳನ್ನು ಬಿಟ್ಟು ನಡುವಿನ ಚುಕ್ಕಿಗಳನ್ನು ನೋಡಿ. ಬೇರೆ ಬೇರೆ ಕಂಡರೆ ಸ್ಕ್ರೀನ್‌ಶಾಟ್ ಆಸೆ ಬಿಡಿ. ಮೂರು ಮೂಲೆಯ ದೊಡ್ಡ ಚೌಕ ಎಲ್ಲ ಕ್ಯೂಆರ್‌ಗಳಲ್ಲೂ ಒಂದೇ, ಅದನ್ನು ನೋಡಿ ಮೋಸ ಹೋಗಬೇಡಿ.

ಸ್ಕ್ರೀನ್‌ಶಾಟ್ ಕಳಿಸುವುದಾದರೆ ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ ಮಬ್ಬಾಗುತ್ತದೆ. ಅದರಲ್ಲೂ ನಾಲ್ಕು ಟಿಕೆಟ್ ಒಂದೇ ಪುಟದಲ್ಲಿದ್ದರೆ ಗೇಟಿನ ಯಂತ್ರ ಓದಲು ಒದ್ದಾಡುತ್ತದೆ. ಒಂದೊಂದನ್ನೂ ಬೇರೆ ಬೇರೆ ಮಾಡಿ. ದಯವಿಟ್ಟು ಸ್ಟೇಟಸ್‌ಗೆ ಹಾಕಬೇಡಿ ಮಾರಾಯ್ರೇ. ಕ್ಯೂಆರ್ ಯಾರು ಮೊದಲು ಸ್ಕ್ಯಾನ್ ಮಾಡಿಸುತ್ತಾರೋ ಅವರದು. ಆಮೇಲೆ ಬಂದವನ ಕೋಡಿಗೆ ಕೆಂಪು ದೀಪ ಹತ್ತುತ್ತದೆ, ಹಣ ಕೊಟ್ಟವನು ಅವನೇ ಆಗಿದ್ದರೂ ಸರಿ.

ಲಾಗಿನ್ ಕೊಡುವುದು ಮೂರನೇ ದಾರಿ. ನಿಮ್ಮ ಅಕೌಂಟನ್ನು ಗೆಳೆಯನ ಫೋನಿನಲ್ಲಿ ತೆರೆಯುವುದು, ಒಟಿಪಿ ಹೇಳುವುದು. ಮನೆಯವರಿಗೆ ಪರವಾಗಿಲ್ಲ. ಹೊರಗಿನವರಿಗೆ ನಾನಂತೂ ಬೇಡ ಎನ್ನುತ್ತೇನೆ. ಅದರೊಳಗೆ ನಿಮ್ಮ ಕಾರ್ಡ್, ವಾಲೆಟ್ ಎಲ್ಲ ಇರುತ್ತದೆ. ಸ್ಟೇಡಿಯಂ ಹತ್ತಿರ ನೆಟ್‌ವರ್ಕ್ ಇರದೆ ಆ್ಯಪ್ ಲಾಗೌಟ್ ಆಯಿತೆಂದರೆ ಒಟಿಪಿ ನಿಮಗೆ ಬರುತ್ತದೆ. ಆಗ ನೀವು ಮದುವೆ ಮನೆಯಲ್ಲಿ ಬಡಿಸುತ್ತಾ ಇರುತ್ತೀರಿ.

ಕಾಗದದ ಟಿಕೆಟ್

ಕಾಗದ ಇದ್ದರೆ ಗೇಟಿನಲ್ಲಿ ತೊಂದರೆ ಕಡಿಮೆ. ಅದು ಯಾರ ಕೈಯಲ್ಲಿದೆಯೋ ಅವರದು. 2023ರ ಏಕದಿನ ವಿಶ್ವಕಪ್‌ನಲ್ಲಿ ಇ-ಟಿಕೆಟ್ ಇರಲಿಲ್ಲ, ಆನ್‌ಲೈನ್ ಬುಕ್ ಮಾಡಿದವರೂ ಕಾಗದದ ಟಿಕೆಟ್ ಕೈಗೆ ತೆಗೆದುಕೊಂಡೇ ಒಳಗೆ ಹೋಗಬೇಕಿತ್ತು. ಇಂಥ ಕಡೆ ತೊಂದರೆ ಬೇರೆಯದು: ಕಾಗದ ನಮ್ಮ ಊರಿಗೆ ಬರಬೇಕು, ಅಥವಾ ನಾವು ಅಲ್ಲಿಗೆ ಹೋಗಿ ಕೌಂಟರಿನಲ್ಲಿ ತೆಗೆದುಕೊಳ್ಳಬೇಕು.

ಕೌಂಟರಿನಲ್ಲಿ ಪಡೆಯುವುದಾದರೆ ಬುಕ್ ಮಾಡಿದವರ ಗುರುತಿನ ಚೀಟಿ ಕೇಳುತ್ತಾರೆ. ಬೇರೆಯವರನ್ನು ಕಳಿಸಲು ಕೆಲವು ಕಡೆ ಒಪ್ಪಿಗೆ ಪತ್ರ ಸಾಕು: ಬುಕಿಂಗ್ ನಂಬರ್, ಬರುವವರ ಹೆಸರು, ನಿಮ್ಮ ಸಹಿ, ಇಬ್ಬರ ಗುರುತಿನ ಚೀಟಿಯ ಪ್ರತಿ. ಈ ಪತ್ರವನ್ನು ಇಂಗ್ಲಿಷ್‌ನಲ್ಲೇ ಬರೆಯಿರಿ. ಬೆಂಗಳೂರಿಗೆ ಕನ್ನಡ ಸರಿ, ಆದರೆ ಕೊಚ್ಚಿಯ ಕೌಂಟರಿನಲ್ಲಿ ನಮ್ಮ ಕನ್ನಡ ಪತ್ರ ಓದುವವರನ್ನು ಹುಡುಕಿಕೊಂಡು ಕೂರುವುದು ಯಾಕೆ?

ಹೆಸರಿನ ವಿಷಯದಲ್ಲಿ ನಮ್ಮ ಜಿಲ್ಲೆಯವರು ಸ್ವಲ್ಪ ಜಾಸ್ತಿ ಜಾಗ್ರತೆ ಮಾಡಬೇಕು. ಶಾಲೆಯ ದಾಖಲೆಯಲ್ಲಿ ಹೆಸರಿನ ಹಿಂದೆ ಇನಿಶಿಯಲ್, ಆಧಾರಿನಲ್ಲಿ ಮುಂದೆ. ಮನೆ ಹೆಸರು ಒಂದರಲ್ಲಿ ಉಂಟು, ಇನ್ನೊಂದರಲ್ಲಿ ಇಲ್ಲ. ಆಧಾರಿನಲ್ಲಿ ಇಂಗ್ಲಿಷ್ ಜತೆ ಮಲಯಾಳ, ಮಂಗಳೂರಿನ ಕಾಲೇಜಿನ ಐಡಿಯಲ್ಲಿ ಇನ್ನೊಂದು ಸ್ಪೆಲ್ಲಿಂಗ್. ಬುಕ್ ಮಾಡುವಾಗ, ಹೆಸರು ಬದಲಿಸುವಾಗ, ಪತ್ರ ಬರೆಯುವಾಗ ಮೂರೂ ಕಡೆ ಆಧಾರಿನ ಇಂಗ್ಲಿಷ್ ಅಕ್ಷರಗಳನ್ನೇ ನೋಡಿ ಟೈಪ್ ಮಾಡಿ.

ಮನೆಗೆ ಬಂದ ಕಾಗದದ ಟಿಕೆಟನ್ನು ಬೆಂಗಳೂರಿನಲ್ಲಿರುವ ಗೆಳೆಯನಿಗೆ ಮುಟ್ಟಿಸುವುದಾದರೆ ಸ್ಪೀಡ್ ಪೋಸ್ಟ್ ಮಾಡಿ, ಟ್ರ್ಯಾಕಿಂಗ್ ನಂಬರ್ ಇರುತ್ತದೆ. ರಾತ್ರಿ ಬಸ್ಸಿನ ಡ್ರೈವರ್ ಕೈಯಲ್ಲಿ ಕವರ್ ಕೊಟ್ಟು ಕಳಿಸುವ ಅಭ್ಯಾಸ ನಮ್ಮಲ್ಲಿ ಹಳೆಯದು. ಎಷ್ಟೋ ಸಲ ತಲುಪುತ್ತದೆ ಕೂಡ. ಆದರೆ ಕಳೆದುಹೋದ ಕಾಗದದ ಟಿಕೆಟಿಗೆ ಡೂಪ್ಲಿಕೇಟ್ ಸಿಗುವುದು ಕಷ್ಟ ಎಂಬುದನ್ನು ಮರೆಯಬೇಡಿ.

ತ್ರಿಕ್ಕರಿಪುರದ ಸೆವೆನ್ಸ್ ಫುಟ್‌ಬಾಲ್ ಗ್ಯಾಲರಿ, ಉಪ್ಪಳದ ಹೊನಲು ಬೆಳಕಿನ ಕಬಡ್ಡಿ ಇವಕ್ಕೆಲ್ಲ ಈ ಮಾತು ಬೇಡ. ಹರಿದು ಕೊಟ್ಟ ಚೀಟಿ ಯಾರ ಜೇಬಿನಲ್ಲಿದ್ದರೂ ಒಳಗೆ ಬಿಡುತ್ತಾರೆ.

ಈಗ ರೈಲಿನ ವಿಷಯ

ಮ್ಯಾಚ್ ಟಿಕೆಟ್ ಸುಲಭವಾಗಿ ಕೈ ಬದಲಾಯಿಸಬಹುದು. ರೈಲಿನ ಟಿಕೆಟ್ ಹಾಗಲ್ಲ. ಕಣ್ಣೂರಿನಿಂದ ಬೆಂಗಳೂರಿಗೆ ಹೋಗುವ ರಾತ್ರಿ ರೈಲಿನಲ್ಲಿ ಪಂದ್ಯದ ಹಿಂದಿನ ದಿನ ಬರ್ತ್ ಸಿಗುವುದೇ ಕಷ್ಟ. ಸಿಕ್ಕಿದ ಬರ್ತನ್ನು ಮ್ಯಾಚ್ ಟಿಕೆಟ್ ಜತೆ ಗೆಳೆಯನಿಗೆ ದಾಟಿಸೋಣ ಎಂದು ಎಲ್ಲರಿಗೂ ಅನಿಸುತ್ತದೆ, ಅಲ್ವಾ? ಆಗುವುದಿಲ್ಲ. ಕಾಯ್ದಿರಿಸಿದ ಟಿಕೆಟನ್ನು ಬೇರೆಯವರು ಪ್ರಯಾಣ ಮಾಡಲಿ ಎಂದು ಕೊಡುವುದು 1989ರ ರೈಲ್ವೆ ಕಾಯ್ದೆಯ 142ನೇ ಸೆಕ್ಷನ್ ಪ್ರಕಾರ ಅಪರಾಧ. ಟಿಟಿಇ ಹೆಸರು ತಾಳೆ ನೋಡಿದರೆ ನಿಮ್ಮ ಗೆಳೆಯ ಟಿಕೆಟ್ ಇಲ್ಲದವನ ಲೆಕ್ಕ.

ಆದರೆ ರೈಲ್ವೆಯೇ ಒಂದು ಬಾಗಿಲು ತೆರೆದಿಟ್ಟಿದೆ. ಕನ್‌ಫರ್ಮ್ ಆದ ಟಿಕೆಟನ್ನು ಅಪ್ಪ, ಅಮ್ಮ, ಅಣ್ಣ-ತಮ್ಮ, ಅಕ್ಕ-ತಂಗಿ, ಮಗ, ಮಗಳು, ಗಂಡ, ಹೆಂಡತಿ ಇವರಲ್ಲಿ ಒಬ್ಬರ ಹೆಸರಿಗೆ ಬದಲಿಸಿಕೊಡುತ್ತಾರೆ. ರೈಲು ಹೊರಡುವ 24 ಗಂಟೆ ಮೊದಲು ರಿಸರ್ವೇಷನ್ ಕೌಂಟರಿನಲ್ಲಿ ಅರ್ಜಿ ಕೊಡಬೇಕು. ಆನ್‌ಲೈನ್‌ನಲ್ಲಿ ಕೊಂಡ ಟಿಕೆಟ್ ಆದರೂ ಪ್ರಿಂಟ್ ತೆಗೆದು ಕೌಂಟರಿಗೇ ಹೋಗಬೇಕು. ನಿಮ್ಮ ಗುರುತಿನ ಚೀಟಿ, ಹೋಗುವವರ ಗುರುತಿನ ಚೀಟಿ, ಸಂಬಂಧ ತೋರಿಸುವ ದಾಖಲೆ ಬೇಕು. ರೇಷನ್ ಕಾರ್ಡಿನಲ್ಲಿ ಇಬ್ಬರ ಹೆಸರೂ ಇದ್ದರೆ ಕೆಲಸ ಹಗುರ. ಒಂದು ಟಿಕೆಟಿಗೆ ಒಂದೇ ಸಲ ಈ ಬದಲಾವಣೆ.

ಪಟ್ಟಿಯನ್ನು ಇನ್ನೊಮ್ಮೆ ಓದಿ. ಭಾವ ಇಲ್ಲ. ಚಿಕ್ಕಪ್ಪನ ಮಗ ಇಲ್ಲ. ಸೋದರಮಾವ ಇಲ್ಲ. ನಮ್ಮಲ್ಲಿ ಮ್ಯಾಚಿಗೆ ಜತೆಯಾಗಿ ಹೋಗುವವರೆಲ್ಲ ಇವರೇ ಆದರೂ ರೈಲ್ವೆ ಲೆಕ್ಕದಲ್ಲಿ ಹೊರಗಿನವರು.

ಹಾಗಾಗಿ ನನ್ನ ಸಲಹೆ ತಲೆಕೆಳಗಾಗಿ ಕಾಣಬಹುದು. ಮ್ಯಾಚ್ ಟಿಕೆಟ್ ಯಾರಿಗೆ ಕೊಡುವುದು ಎನ್ನುವುದನ್ನು ರೈಲು ಟಿಕೆಟ್ ನೋಡಿ ತೀರ್ಮಾನಿಸಿ. 24 ಗಂಟೆಗಿಂತ ಜಾಸ್ತಿ ಸಮಯ ಇದೆ, ಮನೆಯಲ್ಲಿ ಕ್ರಿಕೆಟ್ ಹುಚ್ಚಿನ ತಂಗಿ ಇದ್ದಾಳೆ ಎಂದರೆ ಎರಡೂ ಟಿಕೆಟ್ ಅವಳಿಗೆ ಕೊಡಿ. ಮನೆಯಲ್ಲಿ ಯಾರೂ ಹೋಗುವವರಿಲ್ಲ ಎಂದರೆ ಬೆಂಗಳೂರಿನಲ್ಲೇ ಇರುವ ನಮ್ಮ ಊರಿನವರನ್ನು ಹುಡುಕಿ. ಅವರಿಗೆ ರೈಲೇ ಬೇಡ, ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದು ನಡೆದರಾಯಿತು. ಕೊಚ್ಚಿಗೂ ಹಾಗೆಯೇ, ಕಲೂರು ಸ್ಟೇಡಿಯಂ ಪಕ್ಕದಲ್ಲೇ ಮೆಟ್ರೋ ಸ್ಟೇಷನ್ ಉಂಟು. ನಿಮ್ಮ ಬರ್ತ್ ರದ್ದು ಮಾಡಿ. ತಡ ಮಾಡಿದಷ್ಟೂ ಹಣ ಜಾಸ್ತಿ ಕಡಿತ, ಕನ್‌ಫರ್ಮ್ ಆದ ತತ್ಕಾಲ್ ಆದರೆ ಒಂದು ಪೈಸೆಯೂ ವಾಪಸ್ ಇಲ್ಲ. ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಇರುವ ಗೆಳೆಯನಿಗೇ ಮ್ಯಾಚ್ ಟಿಕೆಟ್ ಕೊಡುತ್ತೇನೆ ಎಂದು ಹಟ ಇದ್ದರೆ ಅವನಿಗೆ ಬಸ್ ನೋಡಲು ಹೇಳಿ. ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ನಿಮ್ಮ ಹೆಸರಿನ ಸೀಟೇ ಇದ್ದರೆ, ಬಸ್ಸಿನವರಿಗೆ ಫೋನ್ ಮಾಡಿ ಹೆಸರು ಮತ್ತು ನಂಬರ್ ಬದಲಿಸಲು ಆಗುತ್ತದೋ ಎಂದು ಕೇಳಿದರೆ ನಷ್ಟವಿಲ್ಲ. ಹತ್ತಿಸಿಕೊಳ್ಳುವ ಜಾಗ ಹೇಳಲು ಅವರು ಕರೆ ಮಾಡುವುದು ಆ ನಂಬರಿಗೇ.

ಓಟದ ಬಿಬ್ ಮಾತ್ರ ಬೇರೆ ಜಾತಿ

ಮಂಗಳೂರು, ಬೆಂಗಳೂರಿನ ಮ್ಯಾರಥಾನ್‌ಗಳಿಗೆ ನಮ್ಮ ಕಡೆಯಿಂದ ಓಡಲು ಹೋಗುವವರು ಇದ್ದಾರೆ. ನೋಡುವ ಟಿಕೆಟಿನ ಬುದ್ಧಿಯನ್ನು ಓಡುವ ಟಿಕೆಟಿಗೆ ಹಚ್ಚಬೇಡಿ. ದೊಡ್ಡ ಓಟಗಳಲ್ಲಿ ಬಿಬ್, ಅಂದರೆ ಓಡುವವರು ಎದೆಗೆ ಸಿಕ್ಕಿಸಿಕೊಳ್ಳುವ ನಂಬರಿನ ಚೀಟಿ, ಬೇರೆಯವರಿಗೆ ಕೊಡುವುದು ಸಾಮಾನ್ಯವಾಗಿ ನಿಷೇಧ. ಕಾರಣ ಹಟವಲ್ಲ. ಬಿಬ್‌ಗೆ ಅಂಟಿದ ಚಿಪ್ ನಿಮ್ಮ ವಯಸ್ಸು, ಲಿಂಗ, ವಿಭಾಗದ ಲೆಕ್ಕದಲ್ಲಿ ಸಮಯ ಬರೆದುಕೊಳ್ಳುತ್ತದೆ. 25ರ ಹುಡುಗ 50ರ ಮಾವನ ಬಿಬ್ ಹಾಕಿಕೊಂಡು ಓಡಿದರೆ ಯಾರದೋ ಬಹುಮಾನ ತಪ್ಪುತ್ತದೆ. ಅದಕ್ಕಿಂತ ದೊಡ್ಡದು, ದಾರಿಯಲ್ಲಿ ಬಿದ್ದರೆ ವೈದ್ಯರು ನೋಡುವುದು ಆ ನಂಬರಿಗೆ ಬರೆದ ರಕ್ತದ ಗುಂಪು, ಕಾಯಿಲೆ, ಮನೆಯವರ ಫೋನ್. ಅದು ಇನ್ಯಾರದ್ದೋ ಆಗಿದ್ದರೆ?

ಒಪ್ಪಿಗೆ ಪತ್ರ ಕೊಟ್ಟು ಬೇರೆಯವರಿಂದ ಬಿಬ್ ತರಿಸಿಕೊಳ್ಳುವುದಕ್ಕೆ ಕೆಲವು ಕಡೆ ಅವಕಾಶ ಇದೆ. ಅದು ತರಲು ಮಾತ್ರ, ಓಡಲು ಅಲ್ಲ. ಹೆಸರು ಬದಲಿಸಲು ಆಯೋಜಕರೇ ಒಂದು ಕೊನೆಯ ದಿನ ಕೊಟ್ಟಿದ್ದರೆ ಅದರೊಳಗೆ ಮಾಡಿ. ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಹಾಕಿಕೊಡುತ್ತಾರೋ ಎಂದು ಮೇಲ್ ಮಾಡಿ ಕೇಳಿ. ಎರಡೂ ಇಲ್ಲದಿದ್ದರೆ ಹಣ ಹೋಯಿತು ಎಂದುಕೊಳ್ಳಿ.

ಗುರುತು ಇಲ್ಲದವರಿಗೆ ಮಾರುವುದು

ಇದು ನನಗೆ ಇಷ್ಟವಿಲ್ಲದ ದಾರಿ. ಆಯೋಜಕರೇ ನಡೆಸುವ ಮರುಮಾರಾಟದ ವ್ಯವಸ್ಥೆ ಇದ್ದರೆ ಸರಿ. ಫಿಫಾ ವಿಶ್ವಕಪ್‌ನಲ್ಲಿ ಅದು ಇದೆ. 2022ರಲ್ಲಿ ಕತಾರಿನಲ್ಲಿದ್ದ ನಮ್ಮ ಊರಿನವರು ಅದನ್ನು ಕಂಡಿರುತ್ತಾರೆ. ಅಲ್ಲಿ ಟಿಕೆಟ್ ಒಂದೇ ಸಾಲದು, ಪ್ರತಿಯೊಬ್ಬರ ಹೆಸರಿಗೂ ಹಯ್ಯಾ ಎಂಬ ಪ್ರೇಕ್ಷಕರ ಗುರುತಿನ ಕಾರ್ಡ್ ಬೇಕಿತ್ತು. ನಮ್ಮ ದೇಶದ ಪಂದ್ಯಗಳಿಗೆ ಅಂಥ ವ್ಯವಸ್ಥೆ ಅಪರೂಪ. ಆಗ ಜನ ಹೋಗುವುದು ಟೆಲಿಗ್ರಾಂ, ಇನ್‌ಸ್ಟಾಗ್ರಾಂಗೆ.

ಕೊಳ್ಳುವವನ ಕಡೆಯಿಂದ ನೋಡಿದರೆ ಒಂದೇ ಪಿಡಿಎಫ್ ಹತ್ತು ಜನರಿಗೆ ಮಾರಿರಬಹುದು. ಮಾರುವವನ ಕಡೆಯಿಂದ ನೋಡಿದರೆ ‘ಹಣ ಕಳಿಸಿದ್ದೇನೆ’ ಎಂಬ ನಕಲಿ ಸ್ಕ್ರೀನ್‌ಶಾಟ್ ಬರಬಹುದು. ಯುಪಿಐನಲ್ಲಿ ಹಣ ಪಡೆಯಲು ಪಿನ್ ಹಾಕಬೇಕಾಗಿಲ್ಲ. ಪಿನ್ ಕೇಳಿದರೆ ಹೋಗುತ್ತಿರುವುದು ನಿಮ್ಮ ಹಣ. ಮೋಸ ಆಯಿತೆಂದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬೆಲೆಯ ವಿಷಯ. ಸೆಪ್ಟೆಂಬರ್ 22, 2025ರಿಂದ ಐಪಿಎಲ್ ಟಿಕೆಟ್ ಮೇಲಿನ ಜಿಎಸ್‌ಟಿ ಶೇ. 28ರಿಂದ 40ಕ್ಕೆ ಏರಿತು. 1000 ರೂಪಾಯಿಯ ಟಿಕೆಟಿಗೆ ತೆರಿಗೆ ಸೇರಿ 1400. ಅದಕ್ಕೆ ಬುಕಿಂಗ್ ಶುಲ್ಕ ಬೇರೆ. ಕೊಂಡ ಬೆಲೆಗೇ ಕೊಡುತ್ತೇನೆ ಎನ್ನುವಾಗ ಕೈಯಿಂದ ಹೋದ ಒಟ್ಟು ಮೊತ್ತ ಎಷ್ಟು ಎಂದು ಮೇಲ್ ತೆರೆದು ನೋಡಿ, ಅಷ್ಟನ್ನೇ ಕೇಳಿ. ಅದಕ್ಕಿಂತ ಜಾಸ್ತಿ ಕೇಳಿದರೆ ಅದು ಬ್ಲ್ಯಾಕ್. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 112ನೇ ಸೆಕ್ಷನ್‌ನಲ್ಲಿ ಗುಂಪು ಕಟ್ಟಿಕೊಂಡು ಅನಧಿಕೃತವಾಗಿ ಟಿಕೆಟ್ ಮಾರುವುದೂ ಸೇರಿದೆ. ಒಂದರಿಂದ ಏಳು ವರ್ಷ ಜೈಲು. ಅದು ದಂಧೆ ಮಾಡುವವರಿಗಾಗಿ ಬರೆದ ಮಾತು. ಆದರೂ ಸ್ಟೇಡಿಯಂ ಗೇಟಿನ ಎದುರು ಟಿಕೆಟ್ ಎತ್ತಿ ಹಿಡಿದು ನಿಂತವನನ್ನು ಪೊಲೀಸರು ಹಿಡಿದರೆ ‘ನಾನು ಮಂಜೇಶ್ವರದಿಂದ ಬಂದವನು, ಒಂದೇ ಟಿಕೆಟ್’ ಎಂದು ವಿವರಿಸುವಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ.

ಮಳೆ ಬಂದರೆ ಹಣ ಯಾರಿಗೆ?

ಇದನ್ನು ಯಾರೂ ಮೊದಲೇ ಮಾತಾಡಿಕೊಳ್ಳುವುದಿಲ್ಲ. 2025ರ ಮೇ 17ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಮತ್ತು ಕೋಲ್ಕತ್ತದ ಪಂದ್ಯ ಒಂದೂ ಎಸೆತ ಕಾಣದೆ ಮಳೆಗೆ ಹೋಯಿತು. ಆರ್‌ಸಿಬಿ ಪೂರ್ತಿ ಹಣ ವಾಪಸ್ ಕೊಡುವುದಾಗಿ ಹೇಳಿತು. ಡಿಜಿಟಲ್ ಟಿಕೆಟಿನ ಹಣ ಬಂದದ್ದು ಬುಕ್ ಮಾಡಿದ ಅಕೌಂಟಿಗೆ. ಕಾಗದದ ಟಿಕೆಟಿಗೆ ಮೂಲ ಟಿಕೆಟ್ ತೋರಿಸಬೇಕಿತ್ತು.

ಅರ್ಥ ಏನೆಂದರೆ, ಸ್ಕ್ರೀನ್‌ಶಾಟ್ ಕಳಿಸಿ ಗೆಳೆಯನಿಂದ ಹಣ ತೆಗೆದುಕೊಂಡಿದ್ದರೆ, ಪಂದ್ಯ ರದ್ದಾದಾಗ ವಾಪಸ್ ಬರುವುದು ನಿಮಗೆ. ಅವನಿಗೆ ನೀವು ಕಳಿಸಬೇಕು. ಕಾಗದ ಕೊಟ್ಟಿದ್ದರೆ ಉಲ್ಟಾ, ಹಣ ಕೇಳಲು ಕಾಗದ ಇರುವವನೇ ಹೋಗಬೇಕು. ಆದ್ದರಿಂದ ಪಂದ್ಯ ಮುಗಿಯುವವರೆಗೆ ಕಾಗದ ಬಿಸಾಡಬೇಡ ಎಂದು ಅವನಿಗೆ ಹೇಳಿ. ಟಿಕೆಟ್ ಕಳಿಸುವಾಗಲೇ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಹಾಕಿ: ‘ಮ್ಯಾಚ್ ಕ್ಯಾನ್ಸಲ್ ಆಗಿ ನನಗೆ ರಿಫಂಡ್ ಬಂದರೆ ನಿನಗೆ ಕಳಿಸುತ್ತೇನೆ, ಬಸ್ ಚಾರ್ಜ್ ನಿನ್ನದೇ.’